ಕರೆಯನ್ನು ಪರೀಕ್ಷಿಸುವ ಮೊದಲೇ ಮುಚ್ಚಿದ ಬಾಗಿಲು: ಸಲಿಂಗಾಸಕ್ತರ ಗುರುದೀಕ್ಷೆ ಮತ್ತು ಮೆಥಡಿಸ್ಟ್ ಸಭೆಯ 52 ವರ್ಷ

ಪ್ರಶ್ನೆ: ನಮ್ಮದು ಬೀದರ್ ಜಿಲ್ಲೆಯ ಮೆಥಡಿಸ್ಟ್ ಕುಟುಂಬ. ನನ್ನ ಚಿಕ್ಕಪ್ಪನ ಮಗಳು ಅಮೆರಿಕದ ಹ್ಯೂಸ್ಟನ್‌ನಲ್ಲಿ ನೆಲೆಸಿದ್ದಾಳೆ. ಅವಳು ಹೋಗುತ್ತಿದ್ದ ಚರ್ಚು ಯುನೈಟೆಡ್ ಮೆಥಡಿಸ್ಟ್ ಪಂಗಡವನ್ನು ಬಿಟ್ಟು ಹೊರಬಂದಿತು. ಅವಳು ಅದಕ್ಕೆ ಒಪ್ಪದೆ ಬೇರೆ ಚರ್ಚಿಗೆ ಹೋಗುತ್ತಿದ್ದಾಳೆ. ಗೇ ಮತ್ತು ಲೆಸ್ಬಿಯನ್ ವ್ಯಕ್ತಿಗಳು ಪಾಸ್ಟರ್ ಆಗಬಹುದೇ ಎಂಬ ಜಗಳದಿಂದಲೇ ಇದೆಲ್ಲ ಆಯಿತೆಂದು ಹೇಳುತ್ತಾಳೆ. ಸತ್ಯವೇದದಲ್ಲಿ ಬರೆದಿರುವುದನ್ನು ಮತ ಹಾಕಿ ಬದಲಿಸಲು ಬರುತ್ತದೆಯೇ? ಅಲ್ಲಿಯ ತೀರ್ಮಾನಕ್ಕೆ ನಮ್ಮ ಸಭೆಯೂ ಬದ್ಧವೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಬದ್ಧವಲ್ಲ. ಅದರ ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲನೆಯದಕ್ಕೆ ಉತ್ತರಿಸಬೇಕಾದರೆ ಅಲ್ಲಿ ಮತಕ್ಕೆ ಹಾಕಿದ್ದು ಏನನ್ನು ಎಂಬುದನ್ನು ಬಿಡಿಸಿ ನೋಡಬೇಕು. ಈ ವಿಷಯ ನಮ್ಮಲ್ಲಿ ಚರ್ಚೆಗೆ ಬಂದಾಗಲೆಲ್ಲ ಅದೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಮಾತಾಡುವುದನ್ನು ಕಂಡಿದ್ದೇನೆ.

ಅದಕ್ಕೂ ಮುಂಚೆ ಒಂದು ಪದದ ವಿಚಾರ. ಕನ್ನಡದಲ್ಲಿ ರೂಢಿಯಾಗಿರುವ ‘ಸಲಿಂಗಕಾಮಿ’ ಎಂಬ ಪದವನ್ನು ನಾನು ಬಳಸುವುದಿಲ್ಲ. ‘ಕಾಮಿ’ ಎಂದೊಡನೆ ನಮ್ಮ ಕಿವಿಗೆ ಕೇಳಿಸುವುದು ಒಬ್ಬ ಮನುಷ್ಯನ ದುರಾಸೆಯೇ ಹೊರತು ಅವನ ಪ್ರೀತಿಯಾಗಲಿ, ಸಂಗಾತಿಯೊಂದಿಗೆ ಅವನು ಕಟ್ಟಿಕೊಂಡ ಬಾಳಾಗಲಿ ಅಲ್ಲ. ಚರ್ಚೆ ಶುರುವಾಗುವ ಮುನ್ನವೇ ತೀರ್ಪು ಕೊಟ್ಟುಬಿಡುವ ಪದ ಅದು. ಆದ್ದರಿಂದ ಸಲಿಂಗಾಸಕ್ತರು ಎಂದು ಬರೆಯುತ್ತೇನೆ.

ಯುನೈಟೆಡ್ ಮೆಥಡಿಸ್ಟ್ ಚರ್ಚ್ 1968ರಲ್ಲಿ ಡಲ್ಲಾಸ್ ನಗರದಲ್ಲಿ ಎರಡು ಪಂಗಡಗಳು ಒಂದಾಗಿ ಹುಟ್ಟಿದ ಸಭೆ. ಅದರ ಕಾನೂನನ್ನು ಬಿಷಪ್ಪರು ಮಾಡುವುದಿಲ್ಲ. ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಮ್ಮೆ ಸೇರುವ ಜನರಲ್ ಕಾನ್ಫರೆನ್ಸ್ ಎಂಬ ಮಹಾಸಮ್ಮೇಳನ ಮಾಡುತ್ತದೆ. ಅದರ ಪ್ರತಿನಿಧಿಗಳಲ್ಲಿ ಅರ್ಧದಷ್ಟು ದೀಕ್ಷೆ ಪಡೆದವರು, ಅಂದರೆ ವಿಧಿಪೂರ್ವಕವಾಗಿ ಪಾಸ್ಟರ್ ಸೇವೆಗೆ ಸೇರಿಸಿಕೊಂಡವರು, ಇನ್ನರ್ಧ ಸಾಮಾನ್ಯ ವಿಶ್ವಾಸಿಗಳು. ಅಮೆರಿಕವಲ್ಲದೆ ಆಫ್ರಿಕಾ, ಯುರೋಪ್, ಫಿಲಿಪ್ಪೀನ್ಸ್‌ಗಳಿಂದಲೂ ಅವರು ಬರುತ್ತಾರೆ. 1972ರಲ್ಲಿ ಅಟ್ಲಾಂಟಾದಲ್ಲಿ ಈ ಮಹಾಸಮ್ಮೇಳನ ಸೇರಿದಾಗ ಸಮಾಜದ ವಿಷಯಗಳಲ್ಲಿ ಸಭೆಯ ನಿಲುವನ್ನು ತಿಳಿಸುವ ಒಂದು ಹೇಳಿಕೆಯ ಕರಡು ಅದರ ಮುಂದಿತ್ತು. ಸಲಿಂಗಾಸಕ್ತರೂ ಪವಿತ್ರ ಮೌಲ್ಯವುಳ್ಳ ವ್ಯಕ್ತಿಗಳು, ಸಭೆಯ ಆರೈಕೆ ಅವರಿಗೂ ಸಲ್ಲಬೇಕು ಎಂಬ ಅರ್ಥದ ಸಾಲು ಅದರಲ್ಲಿತ್ತು. ಚರ್ಚೆಯ ನಡುವೆ ಸಭಾಂಗಣದಿಂದಲೇ ಬಂದ ತಿದ್ದುಪಡಿಯೊಂದು ಆ ಸಾಲಿಗೆ ಬಾಲದಂತೆ ಸೇರಿಕೊಂಡಿತು: ಆ ಆಚರಣೆಯನ್ನು ತಾವು ಸಮ್ಮತಿಸುವುದಿಲ್ಲ, ಅದು ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲ ಎಂದು. ಒಂದೇ ವಾಕ್ಯದ ಮೊದಲರ್ಧದಲ್ಲಿ ‘ನೀನು ಪವಿತ್ರ’, ಎರಡನೆಯ ಅರ್ಧದಲ್ಲಿ ‘ನಿನ್ನ ಬಾಳು ಸಲ್ಲದು’. ಮುಂದಿನ 52 ವರ್ಷ ಈ ಪಂಗಡ ಆ ಒಂದು ವಾಕ್ಯದ ಎರಡು ಅರ್ಧಗಳ ನಡುವೆಯೇ ಬದುಕಿತು.

1972ರದು ಅಭಿಪ್ರಾಯ ಮಾತ್ರ, ಶಿಕ್ಷೆಯಿರುವ ಕಾನೂನಲ್ಲ. ಕಾನೂನು ಬಂದದ್ದು 1984ರಲ್ಲಿ, ಬಾಲ್ಟಿಮೋರ್ ಸಮ್ಮೇಳನದಲ್ಲಿ. ತಾವು ಸಲಿಂಗಾಸಕ್ತರೆಂದು ತಾವೇ ಒಪ್ಪಿಕೊಂಡು ಹಾಗೆಯೇ ಬಾಳುತ್ತಿರುವವರನ್ನು ದೀಕ್ಷೆಗೆ ಅಭ್ಯರ್ಥಿಗಳಾಗಿ ಸ್ವೀಕರಿಸಬಾರದು, ಅವರಿಗೆ ದೀಕ್ಷೆ ಕೊಡಬಾರದು, ಸಭೆಗಳಿಗೆ ನೇಮಿಸಬಾರದು ಎಂದು ನಿಯಮಗ್ರಂಥದಲ್ಲಿ ಸೇರಿಸಲಾಯಿತು. ‘ತಾವೇ ಒಪ್ಪಿಕೊಂಡು’ ಎಂಬ ಮಾತನ್ನು ದಯವಿಟ್ಟು ಗಮನಿಸಿ. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ಗಂಟು ಇರುವುದು ಅಲ್ಲಿಯೇ. ಬಾಯಿ ಬಿಡದೆ ಉಳಿದವರ ಸೇವೆಗೆ ಆ ನಿಯಮದಿಂದ ತೊಂದರೆ ಆಗುತ್ತಿರಲಿಲ್ಲ. ಸಭೆಯ ಮುಂದೆ ನಿಂತು ಸತ್ಯ ಹೇಳಿದವರ ದೀಕ್ಷೆ ಮಾತ್ರ ಹೋಗುತ್ತಿತ್ತು. ಪೀಠದಿಂದ ಸತ್ಯವನ್ನೇ ಸಾರಬೇಕೆಂದು ಆಣೆ ಮಾಡಿಸಿಕೊಳ್ಳುವ ಸಭೆಯೊಂದು ಸತ್ಯ ಹೇಳಿದ್ದನ್ನೇ ಅಪರಾಧದ ಪುರಾವೆಯಾಗಿ ಬಳಸತೊಡಗಿತು.

ಮೆಥಡಿಸ್ಟರಲ್ಲಿ ದೀಕ್ಷೆ ಹೇಗೆ ನಡೆಯುತ್ತದೆಂಬುದು ತಿಳಿದರೆ ಇದರ ತೂಕ ಅರಿವಾಗುತ್ತದೆ. ‘ನನಗೆ ದೇವರ ಕರೆ ಬಂದಿದೆ’ ಎಂದು ಒಬ್ಬರು ಹೇಳಿಕೊಂಡ ಮಾತ್ರಕ್ಕೆ ಯಾರೂ ನಂಬುವುದಿಲ್ಲ. ಮೊದಲು ಅವರನ್ನು ಹತ್ತಿರದಿಂದ ಬಲ್ಲ ಸ್ಥಳೀಯ ಸಭೆ ಶಿಫಾರಸು ಮಾಡಬೇಕು. ಆಮೇಲೆ ಜಿಲ್ಲಾ ಸಮಿತಿ ವಿಚಾರಿಸುತ್ತದೆ, ವರ್ಷಗಳ ದೈವಶಾಸ್ತ್ರದ ಓದಾಗುತ್ತದೆ, ದೀಕ್ಷಾ ಮಂಡಳಿ ಸಂದರ್ಶನ ಮಾಡುತ್ತದೆ, ತಾತ್ಕಾಲಿಕ ಸೇವೆಯ ಅವಧಿ ಕಳೆಯಬೇಕು. ಕೊನೆಗೆ ವಾರ್ಷಿಕ ಸಮ್ಮೇಳನ ಎಂದು ಕರೆಯುವ ಪ್ರಾದೇಶಿಕ ಘಟಕದಲ್ಲಿ ದೀಕ್ಷೆ ಪಡೆದವರೆಲ್ಲ ಕೂತು ಮತ ಹಾಕಬೇಕು. ಈ ಪದ್ಧತಿಯ ಬೇರು ಮೆಥಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿಯವರಲ್ಲಿದೆ. ಬೋಧಿಸಲು ಕರೆ ಬಂದಿದೆಯೆನ್ನುವವರಲ್ಲಿ ಕೃಪೆ ಇದೆಯೇ, ವರಗಳಿವೆಯೇ, ಅವರ ಸೇವೆಯಿಂದ ಫಲ ಬಂದಿದೆಯೇ ಎಂಬ ಮೂರು ಪರೀಕ್ಷೆಗಳನ್ನು ಅವರು 1746ರಲ್ಲಿಯೇ ಇಟ್ಟಿದ್ದರು. ಹೆಂಗಸರು ಬೋಧಿಸಬಾರದೆಂಬುದು ಆ ಕಾಲದ ಸರ್ವಸಮ್ಮತ ನಂಬಿಕೆಯಾಗಿದ್ದಾಗ, ಸತ್ಯವೇದದಲ್ಲಿರುವ ಅಪೊಸ್ತಲ ಪೌಲನ ಮಾತುಗಳೇ ಅದಕ್ಕೆ ಆಧಾರವಾಗಿದ್ದಾಗ, ಮೇರಿ ಬೊಸಾಂಕೆ ಎಂಬಾಕೆ 1771ರಲ್ಲಿ ವೆಸ್ಲಿಯವರಿಗೆ ಪತ್ರ ಬರೆದು ತನ್ನ ಕರೆಯನ್ನು ವಿವರಿಸಿದರು. ಆಕೆಗೆ ಅಸಾಧಾರಣ ಕರೆ ಇದೆಯೆಂದು ಅವರು ಒಪ್ಪಿದರು. ಅಮೆರಿಕದ ಮೆಥಡಿಸ್ಟ್ ಸಭೆ ಹೆಂಗಸರಿಗೆ ಪೂರ್ಣ ದೀಕ್ಷಾಹಕ್ಕು ಕೊಟ್ಟದ್ದು 1956ರಲ್ಲಿ. ಅಂದರೆ ಫಲ ಮೊದಲು ಕಂಡಿತು, ನಿಯಮ 185 ವರ್ಷ ತಡವಾಗಿ ಹಿಂಬಾಲಿಸಿತು. 1984ರ ನಿಯಮ ಮಾಡಿದ್ದು ಇದಕ್ಕೆ ತದ್ವಿರುದ್ಧವಾದದ್ದನ್ನು: ಕೃಪೆ, ವರ, ಫಲಗಳನ್ನು ನೋಡುವ ಮೊದಲೇ ಬಾಗಿಲು ಹಾಕಿತು.

ಒಬ್ಬರ ಕಥೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬೆತ್ ಸ್ಟ್ರೌಡ್ ಫಿಲಡೆಲ್ಫಿಯಾದ ಜರ್ಮನ್‌ಟೌನ್‌ನ ಮೆಥಡಿಸ್ಟ್ ಸಭೆಯಲ್ಲಿ ಸಹಪಾಲಕಿಯಾಗಿದ್ದರು. 2003ರಲ್ಲಿ ಒಂದು ಭಾನುವಾರದ ಪ್ರಸಂಗದಲ್ಲಿ, ತಾನು ಒಬ್ಬ ಹೆಂಗಸಿನೊಂದಿಗೆ ನಿಷ್ಠೆಯ ಬಾಂಧವ್ಯದಲ್ಲಿ ಬಾಳುತ್ತಿದ್ದೇನೆಂದು ಸಭೆಗೆ ತಿಳಿಸಿದರು. ಅವರ ಸಭೆ ಅವರ ಬೆನ್ನಿಗೆ ನಿಂತಿತು. ಆದರೂ ನಿಯಮ ನಿಯಮವೇ. 2004ರ ಡಿಸೆಂಬರಿನಲ್ಲಿ ಸಭೆಯ ನ್ಯಾಯವಿಚಾರಣೆ ನಡೆಯಿತು. ಮೆಥಡಿಸ್ಟ್ ವಿಚಾರಣೆಯಲ್ಲಿ ಜ್ಯೂರಿ ಎಂದರೆ ದೀಕ್ಷೆ ಪಡೆದ 13 ಮಂದಿ ಸಹೋದ್ಯೋಗಿಗಳು. ನಿಯಮ ಮುರಿದದ್ದು ನಿಜವೆಂದು 12 ಮಂದಿ ಹೇಳಿದರು, ಒಬ್ಬರು ಇಲ್ಲವೆಂದರು. ದೀಕ್ಷೆಯನ್ನು ಹಿಂತೆಗೆದುಕೊಳ್ಳಬೇಕೇ ಎಂಬಲ್ಲಿಗೆ ಬಂದಾಗ ಮತಗಳು 7 ಮತ್ತು 6. ಒಂದೇ ಮತದಿಂದ ಅವರ ದೀಕ್ಷೆ ಹೋಯಿತು. ಮೇಲ್ಮನವಿಯಲ್ಲಿ ಒಮ್ಮೆ ಗೆದ್ದರೂ 2005ರಲ್ಲಿ ಪಂಗಡದ ಅತ್ಯುನ್ನತ ನ್ಯಾಯಮಂಡಳಿ ಮೊದಲ ತೀರ್ಪನ್ನೇ ಎತ್ತಿಹಿಡಿಯಿತು. ಆ ಸಭೆ ಅವರನ್ನು ಹೊರಗೆ ಕಳಿಸಲಿಲ್ಲ, ದೀಕ್ಷೆಯಿಲ್ಲದ ಸೇವಕಿಯಾಗಿ ಇಟ್ಟುಕೊಂಡಿತು. ಬೋಧಿಸಬಹುದಿತ್ತು, ಆದರೆ ಕರ್ತನ ಭೋಜನದ ರೊಟ್ಟಿಯನ್ನೂ ಪಾತ್ರೆಯನ್ನೂ ಪ್ರತಿಷ್ಠಿಸುವಂತಿರಲಿಲ್ಲ, ಶಿಶುವಿಗೆ ದೀಕ್ಷಾಸ್ನಾನ ಕೊಡುವಂತಿರಲಿಲ್ಲ. ನಿನ್ನೆಯವರೆಗೆ ತಾನೇ ಎತ್ತಿಹಿಡಿದು ಹಂಚುತ್ತಿದ್ದ ರೊಟ್ಟಿಗೆ ಇಂದು ಸಾಲಿನಲ್ಲಿ ನಿಂತು ಕೈ ಚಾಚುವ ಪಾಲಕಿಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಈ ಚರ್ಚೆಯನ್ನು ಬರೀ ವಚನಗಳ ಎಣಿಕೆಯಾಗಿ ನೋಡಲು ನನಗೆ ಮನಸ್ಸು ಬಾರದಿರುವುದು ಇದರಿಂದ.

ಹಾಗೆಂದು ವಚನಗಳನ್ನು ಬದಿಗಿಟ್ಟು ಮುಂದೆ ಹೋಗುವಂತಿಲ್ಲ. ನಿಮ್ಮ ಪ್ರಶ್ನೆಯ ಮುಖ್ಯ ಭಾಗವೇ ಅದು. ನಿಷೇಧದ ಪರವಾದವರು ಮುಂದಿಡುವ ವಾಕ್ಯಗಳು ಹೆಚ್ಚಿಲ್ಲ. ಯಾಜಕಕಾಂಡದ 18 ಮತ್ತು 20ನೆಯ ಅಧ್ಯಾಯಗಳು, ರೋಮಾಪುರದವರಿಗೆ ಬರೆದ ಪತ್ರದ ಮೊದಲ ಅಧ್ಯಾಯ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 6ನೆಯ ಅಧ್ಯಾಯ, ತಿಮೊಥೆಯನಿಗೆ ಬರೆದ ಮೊದಲ ಪತ್ರದ ಮೊದಲ ಅಧ್ಯಾಯ. ಕೊರಿಂಥದ ಪತ್ರದಲ್ಲಿ ಪೌಲ ಬಳಸಿದ ಎರಡು ಗ್ರೀಕ್ ಪದಗಳ ಮೇಲೆ ದೊಡ್ಡ ವಾದವೇ ನಡೆದಿದೆ. ‘ಮಲಕೋಯ್’ ಎಂಬುದಕ್ಕೆ ‘ಮೆತ್ತಗಿನವರು’ ಎಂಬುದು ಅಕ್ಷರಾರ್ಥ. ‘ಅರ್ಸೆನೊಕೊಯ್ಟಾಯ್’ ಎಂಬುದು ‘ಗಂಡಸು’ ಮತ್ತು ‘ಹಾಸಿಗೆ’ ಎಂಬ ಎರಡು ಪದಗಳು ಕೂಡಿದ್ದು, ಪೌಲನಿಗಿಂತ ಮುಂಚಿನ ಗ್ರೀಕ್ ಬರಹಗಳಲ್ಲಿ ಆ ಜೋಡುಪದ ಸಿಕ್ಕಿಲ್ಲ. ಇಂಗ್ಲಿಷಿನ ಪರಿಷ್ಕೃತ ಅನುವಾದವೊಂದು 1946ರಲ್ಲಿ ಈ ಎರಡನ್ನೂ ಒಟ್ಟು ಸೇರಿಸಿ ‘ಹೋಮೋಸೆಕ್ಷುಯಲ್ಸ್’ ಎಂಬ ಒಂದೇ ಪದ ಹಾಕಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಪದವನ್ನು ಮೊದಲನೆಯ ಶತಮಾನದ ಪೌಲನ ಬಾಯಲ್ಲಿ ಇಡುವುದು ಸರಿಯೇ, ದಾಸರನ್ನೂ ಹುಡುಗರನ್ನೂ ಬಳಸಿಕೊಳ್ಳುತ್ತಿದ್ದ ರೋಮನ್ ಸಮಾಜದ ದುರಾಚಾರವನ್ನು ಅವನು ಖಂಡಿಸುತ್ತಿದ್ದನೇ, ಇಲ್ಲವೆ ಇಬ್ಬರು ಸಮಾನರ ನಿಷ್ಠೆಯ ಬಾಳ್ವೆಯನ್ನೂ ಸೇರಿಸಿಯೇ ಹೇಳಿದನೇ ಎಂಬುದು ಒಂದು ಪಕ್ಷದವರ ಪ್ರಶ್ನೆ.

ಎದುರು ಪಕ್ಷದ ಉತ್ತರವೂ ಗಟ್ಟಿಯಾಗಿಯೇ ಇದೆ, ಅದನ್ನು ತೇಲಿಸಿಬಿಡುವುದು ಪ್ರಾಮಾಣಿಕತೆಯಲ್ಲ. ಯಾಜಕಕಾಂಡದ ಹಳೆಯ ಗ್ರೀಕ್ ಅನುವಾದದಲ್ಲಿ ಆ ಎರಡು ಪದಗಳು, ಗಂಡಸು ಮತ್ತು ಹಾಸಿಗೆ, ಒಂದೇ ವಾಕ್ಯದಲ್ಲಿ ಅಕ್ಕಪಕ್ಕದಲ್ಲಿವೆ. ಪೌಲ ಅಲ್ಲಿಂದಲೇ ತನ್ನ ಜೋಡುಪದವನ್ನು ಹೆಣೆದಿರಬೇಕೆಂಬುದು ಬಲವಾದ ವಾದ. ರೋಮಾಪುರದ ಪತ್ರದಲ್ಲಿ ಹೆಂಗಸರ ಮಾತೂ ಬರುವುದರಿಂದ ಅದು ಹುಡುಗರ ದುರ್ಬಳಕೆಗೆ ಮಾತ್ರ ಸಂಬಂಧಿಸಿದ್ದೆನ್ನುವುದು ಕಷ್ಟ. ಎಲ್ಲಕ್ಕಿಂತ ಮಿಗಿಲಾಗಿ, ಸಂಪ್ರದಾಯದ ಪಕ್ಷ ನಿಂತಿರುವುದು ಈ ನಾಲ್ಕೈದು ವಾಕ್ಯಗಳ ಮೇಲಲ್ಲ. ಆದಿಕಾಂಡದಲ್ಲಿ ಗಂಡು ಹೆಣ್ಣಾಗಿ ಸೃಷ್ಟಿಯಾದ ಮನುಷ್ಯ, ಮತ್ತಾಯನ 19ನೆಯ ಅಧ್ಯಾಯದಲ್ಲಿ ಯೇಸು ಆ ಮಾತನ್ನೇ ಎತ್ತಿ ವಿವಾಹದ ಬಗ್ಗೆ ಹೇಳಿದ್ದು, ಎರಡು ಸಾವಿರ ವರ್ಷ ಸಭೆಯೆಲ್ಲ ಹಾಗೆಯೇ ಓದಿಕೊಂಡು ಬಂದದ್ದು, ಇವೆಲ್ಲ ಸೇರಿದ ಅಡಿಪಾಯ ಅದು. ಇದನ್ನು ನಂಬುವವರನ್ನು ದ್ವೇಷಿಗಳೆಂದು ಕರೆಯುವುದು ಅನ್ಯಾಯ. ಅಂಥವರಲ್ಲಿ ಹಲವರು ಸಲಿಂಗಾಸಕ್ತ ಮಕ್ಕಳನ್ನು ಪ್ರೀತಿಯಿಂದ ಸಾಕಿದ ತಂದೆತಾಯಿಗಳೂ ಹೌದು.

ಎರಡು ಪಕ್ಷಗಳೂ ಮತ್ತೆಮತ್ತೆ ತೆರೆಯುವ ಇನ್ನೊಂದು ಪುಟ ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯ. ಸುನ್ನತಿಯಾಗದ ಅನ್ಯಜನರನ್ನು ಸಭೆಗೆ ಸೇರಿಸಬಹುದೇ ಎಂದು ಯೆರೂಸಲೇಮಿನಲ್ಲಿ ವಾದ ನಡೆದಾಗ, ನಮಗೆ ಕೊಟ್ಟ ಹಾಗೆಯೇ ದೇವರು ಅವರಿಗೂ ಪವಿತ್ರಾತ್ಮನನ್ನು ಕೊಟ್ಟಿದ್ದಾನೆಂದು ಪೇತ್ರ ಸಾಕ್ಷಿ ಹೇಳಿದ. ಸುನ್ನತಿಯ ಆಜ್ಞೆ ಧರ್ಮಶಾಸ್ತ್ರದಲ್ಲಿ ಕಪ್ಪು ಅಕ್ಷರದಲ್ಲೇ ಇತ್ತು. ಆದರೂ ಕಣ್ಣೆದುರಿನ ಫಲವನ್ನು ಕಂಡು ಸಭೆ ಬಾಗಿಲು ತೆರೆಯಿತು. ದೀಕ್ಷೆಯ ಪರವಾದವರಿಗೆ ಇದೇ ಮೇಲ್ಪಂಕ್ತಿ. ಅದೇ ಸಭೆ ಅನ್ಯಜನರಿಗೆ ಬರೆದ ಪತ್ರದಲ್ಲಿ ಲೈಂಗಿಕ ಅನೀತಿಯನ್ನು ಬಿಡಬೇಕೆಂದೂ ಹೇಳಿತಲ್ಲ ಎಂದು ಎದುರು ಪಕ್ಷ ನೆನಪಿಸುತ್ತದೆ. ನಾನು ಪೇತ್ರನ ಸಾಕ್ಷಿಯ ಕಡೆಗೆ ವಾಲುತ್ತೇನೆ. ಸ್ಟ್ರೌಡ್ ಅವರಂಥವರ ಸೇವೆಯಲ್ಲಿ ಫಲವಿತ್ತೆಂಬುದನ್ನು ಅವರಿಗೆ ಶಿಕ್ಷೆ ಕೊಟ್ಟವರೂ ಅಲ್ಲಗಳೆಯಲಿಲ್ಲ.

ಹಾಗಾದರೆ ಮತಕ್ಕೆ ಹಾಕಿದ್ದು ಸತ್ಯವೇದವನ್ನಲ್ಲ. 1972ರಲ್ಲಿ, 1984ರಲ್ಲಿ ನಿಷೇಧ ಬಂದದ್ದೂ ಮತದಿಂದಲೇ, 2024ರಲ್ಲಿ ಅದು ಹೋದದ್ದೂ ಮತದಿಂದಲೇ. ಎರಡೂ ಸಲ ತಿದ್ದಿದ್ದು ಸಭೆ ತಾನೇ ಬರೆದುಕೊಂಡ ನಿಯಮಗ್ರಂಥವನ್ನು. ನಿಷೇಧ ಬಂದಾಗ ಮತದಾನ ಸರಿಯೆನಿಸಿ, ಹೋದಾಗ ಮಾತ್ರ ತಪ್ಪೆನಿಸಿದರೆ ನಮ್ಮ ತಕ್ಕಡಿಯಲ್ಲೇ ಏನೋ ದೋಷವಿದೆ.

ಸಭೆ ಒಡೆದದ್ದು ಹೇಗೆಂದು ಈಗ ಹೇಳುತ್ತೇನೆ. 2016ರಲ್ಲಿ ಅಮೆರಿಕದ ಪಶ್ಚಿಮ ಪ್ರಾಂತದವರು ಕ್ಯಾರೆನ್ ಒಲಿವೆಟೊ ಅವರನ್ನು ಬಿಷಪ್ಪರನ್ನಾಗಿ ಆರಿಸಿದರು. ಒಬ್ಬ ಮಹಿಳೆಯನ್ನು ಮದುವೆಯಾಗಿರುವ ಆಕೆ ಆ ಪಂಗಡದ ಮೊದಲ ಬಹಿರಂಗ ಲೆಸ್ಬಿಯನ್ ಬಿಷಪ್. ಆ ಅಭಿಷೇಕ ಸಭೆಯ ಕಾನೂನಿಗೆ ವಿರುದ್ಧವೆಂದು ಮರುವರ್ಷ ನ್ಯಾಯಮಂಡಳಿ ಹೇಳಿದರೂ ಆಕೆ ಹುದ್ದೆಯಲ್ಲಿಯೇ ಮುಂದುವರಿದರು. ಕಾನೂನು ಒಂದು ಕಡೆ, ನಡೆ ಇನ್ನೊಂದು ಕಡೆಯಾದಾಗ ತೀರ್ಮಾನಕ್ಕೆಂದೇ 2019ರ ಫೆಬ್ರುವರಿಯಲ್ಲಿ ಸೇಂಟ್ ಲೂಯಿಸ್ ನಗರದ ಫುಟ್ಬಾಲ್ ಕ್ರೀಡಾಂಗಣವೊಂದರಲ್ಲಿ ವಿಶೇಷ ಸಮ್ಮೇಳನ ಕರೆದರು. ಪ್ರತಿ ಪ್ರದೇಶವೂ ತನ್ನ ಮನಸ್ಸಾಕ್ಷಿಯಂತೆ ನಡೆಯಲಿ ಎಂಬ ಯೋಜನೆ ಸೋತಿತು. ನಿಷೇಧವನ್ನು ಇನ್ನಷ್ಟು ಬಿಗಿಮಾಡುವ ಸಂಪ್ರದಾಯದ ಯೋಜನೆ 384ಕ್ಕೆ ಎದುರಾಗಿ 438 ಮತಗಳಿಂದ ಗೆದ್ದಿತು. ಗೆದ್ದವರೇ ಮುಂದೆ ಹೆಚ್ಚಾಗಿ ಹೊರಗೆ ಹೋದರೆಂಬುದು ಹೊರಗಿನವರಿಗೆ ಅರ್ಥವಾಗದ ವಿಷಯ. ನಿಯಮ ಕಾಗದದ ಮೇಲೆ ಉಳಿದರೂ ಅಮೆರಿಕದ ಹಲವು ವಾರ್ಷಿಕ ಸಮ್ಮೇಳನಗಳು ಅದನ್ನು ಪಾಲಿಸುವುದಿಲ್ಲವೆಂಬುದು ಅವರಿಗೆ ಖಚಿತವಾಗಿತ್ತು.

ಆಸ್ತಿಯ ಪ್ರಶ್ನೆಯನ್ನು ನಮ್ಮ ಊರಿನ ಸಭೆಗಳವರು ಬೇಗ ಅರ್ಥಮಾಡಿಕೊಳ್ಳುತ್ತಾರೆ. ವೆಸ್ಲಿಯವರ ಕಾಲದಿಂದಲೂ ಮೆಥಡಿಸ್ಟ್ ಚರ್ಚಿನ ಕಟ್ಟಡ, ಜಾಗ ಸ್ಥಳೀಯರ ಹೆಸರಿನಲ್ಲಿದ್ದರೂ ಅದು ಇಡೀ ಪಂಗಡದ ಪರವಾದ ನ್ಯಾಸ (ಟ್ರಸ್ಟ್). ಪಂಗಡ ಬಿಟ್ಟರೆ ಕಟ್ಟಡ ಬಿಟ್ಟಂತೆ. 2019ರ ಸಮ್ಮೇಳನ ಇದಕ್ಕೆ 2023ರ ಕೊನೆಯವರೆಗಿನ ಒಂದು ವಿನಾಯಿತಿ ಕೊಟ್ಟಿತು. ಹಾಜರಿದ್ದ ಸದಸ್ಯರಲ್ಲಿ ಮೂರನೇ ಎರಡು ಭಾಗ ಒಪ್ಪಿದರೆ, ಎರಡು ವರ್ಷದ ವಂತಿಗೆಯನ್ನೂ ಪಾಸ್ಟರುಗಳ ಪಿಂಚಣಿಯ ಬಾಕಿ ಹೊಣೆಯನ್ನೂ ಕಟ್ಟಿ, ಸಭೆ ತನ್ನ ಕಟ್ಟಡದೊಂದಿಗೆ ಹೋಗಬಹುದು. ಅಮೆರಿಕದಲ್ಲಿ 7,600ಕ್ಕೂ ಹೆಚ್ಚು ಸಭೆಗಳು, ಹತ್ತಿರ ಹತ್ತಿರ ನಾಲ್ಕರಲ್ಲಿ ಒಂದು, ಈ ದಾರಿಯಲ್ಲಿ ಹೊರಬಿದ್ದವು. ನಿಮ್ಮ ಸಹೋದರಿ ಇರುವ ಹ್ಯೂಸ್ಟನ್ ಭಾಗದ ವಾರ್ಷಿಕ ಸಮ್ಮೇಳನದಲ್ಲಿ 2022ರ ಡಿಸೆಂಬರಿನ ಒಂದೇ ದಿನ 294 ಸಭೆಗಳ ನಿರ್ಗಮನಕ್ಕೆ ಒಪ್ಪಿಗೆ ಸಿಕ್ಕಿತು, ಅಲ್ಲಿದ್ದವುಗಳಲ್ಲಿ ಸುಮಾರು ಅರ್ಧ. ಅವುಗಳಲ್ಲಿ ಬಹಳಷ್ಟು 2022ರ ಮೇ 1ರಂದು ಆರಂಭವಾದ, ಸಂಪ್ರದಾಯದ ಪಕ್ಷದವರ ಹೊಸ ಪಂಗಡವಾದ ಗ್ಲೋಬಲ್ ಮೆಥಡಿಸ್ಟ್ ಚರ್ಚನ್ನು ಸೇರಿವೆ. ಮೂರನೇ ಎರಡು ಭಾಗದ ಬಹುಮತವೆಂದರೆ ಉಳಿದ ಮೂರನೇ ಒಂದು ಭಾಗ ಬೇರೆ ಕಡೆ ಆರಾಧನೆ ಹುಡುಕಿಕೊಳ್ಳಬೇಕೆಂದೂ ಅರ್ಥ. ಅವರ ಅಪ್ಪಅಮ್ಮಂದಿರ ಸಮಾಧಿ ಆ ಅಂಗಳದಲ್ಲೇ ಇದ್ದರೂ ಹಾಗೆಯೇ. ನಿಮ್ಮ ಸಹೋದರಿ ಅಂಥವರಲ್ಲಿ ಒಬ್ಬರಾಗಿರಬೇಕು.

ಕೋವಿಡ್‌ನಿಂದ ಮುಂದೆ ಹೋಗುತ್ತಾ ಬಂದ ಮಹಾಸಮ್ಮೇಳನ ಕೊನೆಗೆ 2024ರಲ್ಲಿ ಶಾರ್ಲಟ್ ನಗರದಲ್ಲಿ ಸೇರಿತು. ಮೇ 1ರಂದು ದೀಕ್ಷೆಯ ನಿಷೇಧ 51ಕ್ಕೆ ಎದುರಾಗಿ 692 ಮತಗಳಿಂದ ಹೋಯಿತು. ಸಮಿತಿಯಲ್ಲಿ ಭಾರಿ ಬೆಂಬಲ ಪಡೆದ ವಿಷಯಗಳನ್ನು ಗೊಂಚಲಾಗಿ ಅಂಗೀಕರಿಸುವ ಪಟ್ಟಿಯಲ್ಲಿ ಅದು ಇದ್ದುದರಿಂದ ಸಭಾಂಗಣದಲ್ಲಿ ಚರ್ಚೆಯೇ ನಡೆಯಲಿಲ್ಲ. ಮರುದಿನ 1972ರ ‘ಹೊಂದುವುದಿಲ್ಲ’ ಎಂಬ ಮಾತು 161ಕ್ಕೆ ಎದುರಾಗಿ 523 ಮತಗಳಿಂದ ಅಳಿಯಿತು. ಈ ಅಂಕಿಗಳನ್ನು ನೋಡಿ ಐದು ವರ್ಷದಲ್ಲಿ ಎಲ್ಲರ ಮನಸ್ಸೂ ತಿರುಗಿತೆಂದು ತಿಳಿಯುವುದು ತಪ್ಪು. ವಿರೋಧಿಸುವವರಲ್ಲಿ ಬಹುಮಂದಿ ಆಗಲೇ ಹೋಗಿಯಾಗಿತ್ತು. ವೀಸಾ ಸಿಗದೆ ಆಫ್ರಿಕಾದ ಹಲವು ಪ್ರತಿನಿಧಿಗಳು ಬರಲಾಗಿರಲಿಲ್ಲ, ಇದು ನ್ಯಾಯವಾದ ದೂರು. ನಿಷೇಧ ಹೋಯಿತೆಂದರೆ ಎಲ್ಲರೂ ಒಪ್ಪಲೇಬೇಕೆಂದೂ ಅಲ್ಲ. ಸಲಿಂಗ ವಿವಾಹ ನಡೆಸಿಕೊಟ್ಟ ಪಾಸ್ಟರಿಗೂ ಶಿಕ್ಷೆಯಿಲ್ಲ, ನಡೆಸಲು ಒಪ್ಪದವರಿಗೂ ಇಲ್ಲ. ನನಗೆ ಇದು ಸರಿಯೆನಿಸುತ್ತದೆ. ದೀಕ್ಷೆಗೆ ಬರುವವರು ಮೊದಲಿನಂತೆ ಎಲ್ಲ ಪರೀಕ್ಷೆಗಳನ್ನೂ ದಾಟಬೇಕು, ಸತ್ಯ ಹೇಳಿದ ಕಾರಣಕ್ಕೆ ಹೊಸ್ತಿಲಲ್ಲೇ ತಡೆಯುವುದು ಮಾತ್ರ ನಿಂತಿದೆ. ಅದೇ ತಿಂಗಳು ಪೂರ್ವ ಪೆನ್ಸಿಲ್ವೇನಿಯಾದ ದೀಕ್ಷಿತರು ಸಭೆ ಸೇರಿ ಬೆತ್ ಸ್ಟ್ರೌಡ್ ಅವರ ದೀಕ್ಷೆಯನ್ನು ಮರಳಿಸಿದರು. ಆಗ ಅವರಿಗೆ 54 ವರ್ಷ. ದೀಕ್ಷೆ ಹೋದಾಗ 34 ಆಗಿತ್ತು.

ಆಫ್ರಿಕಾದ ಸಭೆಗಳ ನೋವನ್ನು ಹೇಳದೆ ಮುಗಿಸಲಾರೆ. ಶಾರ್ಲಟ್ ತೀರ್ಮಾನದ ಕೆಲವೇ ವಾರಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸದಸ್ಯರಿರುವ ಐವರಿ ಕೋಸ್ಟ್ ದೇಶದ ಸಭೆ ಪಂಗಡ ಬಿಡಲು ನಿರ್ಣಯಿಸಿತು. ದಶಕಗಳ ಕಾಲ ಅಮೆರಿಕದ ಎರಡು ಪಕ್ಷಗಳೂ ಆಫ್ರಿಕಾದ ಪ್ರತಿನಿಧಿಗಳ ಮತವನ್ನು ಎಣಿಸಿಕೊಂಡವೇ ಹೊರತು ಅವರ ಊರಿನ ಕಷ್ಟಸುಖವನ್ನು ಅಷ್ಟೇ ಆಸ್ಥೆಯಿಂದ ಕೇಳಲಿಲ್ಲ ಎಂಬುದು ನನ್ನ ಅನಿಸಿಕೆ. ಪ್ರತಿ ಪ್ರದೇಶವೂ ಇಂಥ ವಿಷಯಗಳಲ್ಲಿ ತನ್ನ ನಿಯಮವನ್ನು ತಾನೇ ಮಾಡಿಕೊಳ್ಳಲಿ ಎಂಬ ವ್ಯವಸ್ಥೆಯನ್ನು ಶಾರ್ಲಟ್‌ನಲ್ಲಿಯೇ 164ಕ್ಕೆ ಎದುರಾಗಿ 586 ಮತಗಳಿಂದ ಒಪ್ಪಿದರು. ಅದು ಹತ್ತು ವರ್ಷ ಮೊದಲೇ ಬಂದಿದ್ದರೆ ಒಡಕು ಇಷ್ಟು ಆಳವಾಗುತ್ತಿರಲಿಲ್ಲವೇನೋ.

ಬೇರೆ ಪಂಗಡಗಳಲ್ಲಿಯೂ ಇದೇ ವಾದ ನಡೆದಿದೆ. ಅಮೆರಿಕದ ಎಪಿಸ್ಕೋಪಲ್ ಚರ್ಚ್ 2003ರಲ್ಲಿ ತಾನು ಗೇ ಎಂದು ಬಹಿರಂಗವಾಗಿ ಹೇಳಿಕೊಂಡಿದ್ದ ಜೀನ್ ರಾಬಿನ್ಸನ್ ಅವರನ್ನು ಬಿಷಪ್ಪರನ್ನಾಗಿ ಅಭಿಷೇಕಿಸಿತು. ಕೊಲೆ ಬೆದರಿಕೆಗಳಿದ್ದುದರಿಂದ ಅವರು ಆ ದಿನ ನಿಲುವಂಗಿಯೊಳಗೆ ಗುಂಡು ನಿರೋಧಕ ಕವಚ ತೊಟ್ಟಿದ್ದರು. ಅಲ್ಲಿಯ ಇವ್ಯಾಂಜೆಲಿಕಲ್ ಲೂಥೆರನ್ ಸಭೆ 2009ರಲ್ಲಿ, ಪ್ರೆಸ್ಬಿಟೇರಿಯನ್ ಸಭೆ 2011ರಲ್ಲಿ ದಾರಿ ತೆರೆದವು.

ಇನ್ನು ನಿಮ್ಮ ಸಭೆಯ ವಿಷಯ. ಬೀದರ್, ಕೋಲಾರ, ಬೆಳಗಾವಿಗಳಲ್ಲಿ ಸಭೆ, ಶಾಲೆ, ಆಸ್ಪತ್ರೆಗಳನ್ನು ಕಟ್ಟಿದವರು ಅಮೆರಿಕದ ಮೆಥಡಿಸ್ಟ್ ಮಿಷನರಿಗಳೇ. ಆದರೆ 1981ರಲ್ಲಿ ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ ಸ್ವಾಯತ್ತ ಸಭೆಯಾಯಿತು. ಅಂದಿನಿಂದ ಅದರ ಬಿಷಪ್ಪರನ್ನು ಅದೇ ಆರಿಸುತ್ತದೆ, ಅದರ ನಿಯಮಗ್ರಂಥವನ್ನು ಅದರ ಸಮ್ಮೇಳನವೇ ಬರೆಯುತ್ತದೆ. ಸೇಂಟ್ ಲೂಯಿಸ್‌ನ ತೀರ್ಮಾನ ನಿಮಗೆ ಅನ್ವಯಿಸಿರಲಿಲ್ಲ, ಶಾರ್ಲಟ್‌ನದೂ ಅನ್ವಯಿಸುವುದಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಪರಸ್ಪರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪು ಕೊಟ್ಟಿದ್ದರೂ, ದೀಕ್ಷೆ ಯಾರಿಗೆ ಕೊಡಬೇಕೆಂದು ಅದು ಯಾವ ಸಭೆಗೂ ಹೇಳಿಲ್ಲ. ನಿಮ್ಮಲ್ಲಿ ಈ ಪ್ರಶ್ನೆ ಎದ್ದರೆ ಅದಕ್ಕೆ ಉತ್ತರ ಕಂಡುಕೊಳ್ಳಬೇಕಾದವರು ನೀವೇ, ನಿಮ್ಮ ಸಮ್ಮೇಳನಗಳಲ್ಲಿಯೇ.

ನೀವು ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಇಂಥ ಪತ್ರ ಬರೆದವರ ಮನಸ್ಸಿನಲ್ಲಿ ಅದು ಇದ್ದೇ ಇರುತ್ತದೆ. ನಿಮ್ಮ ಸಹೋದರಿ ಚರ್ಚು ಬದಲಿಸಿದ್ದರಿಂದ ಅವರ ದೀಕ್ಷಾಸ್ನಾನಕ್ಕಾಗಲಿ, ಮೆಥಡಿಸ್ಟ್ ವಿಶ್ವಾಸಕ್ಕಾಗಲಿ ಯಾವ ಕುಂದೂ ಬಂದಿಲ್ಲ. ಮೆಥಡಿಸ್ಟ್ ಪರಂಪರೆಯಲ್ಲಿ ಕರ್ತನ ಮೇಜು, ಕ್ರಿಸ್ತನನ್ನು ಪ್ರೀತಿಸಿ ಪಶ್ಚಾತ್ತಾಪದಿಂದ ಬರುವ ಎಲ್ಲರಿಗೂ ತೆರೆದಿರುತ್ತದೆ. ಅವರು ಕ್ರಿಸ್ಮಸ್‌ಗೆ ಊರಿಗೆ ಬಂದಾಗ ನಿಮ್ಮ ಪಕ್ಕದಲ್ಲಿಯೇ ಮೊಣಕಾಲೂರಿ ರೊಟ್ಟಿಯನ್ನೂ ಪಾತ್ರೆಯನ್ನೂ ಸ್ವೀಕರಿಸಬಹುದು. ಅದಕ್ಕೆ ಹ್ಯೂಸ್ಟನ್‌ನ ಯಾವ ಚರ್ಚಿನಿಂದಲೂ ಪತ್ರ ತರಬೇಕಾಗಿಲ್ಲ.